ತಾತನ ವೈರು

ಕೇಬಲ್‌ನವರಿಗೆ,

ವಾರಕ್ಕೆ ನಾಲ್ಕು ದಿನ ಚಿತ್ರ ಬರುತ್ತಿರಲಿಲ್ಲ, ಫೋನ್ ಮಾಡಿದರೆ ನೀವು ಎತ್ತುತ್ತಿರಲಿಲ್ಲ. ಅದಕ್ಕೇ ಡಿಶ್ ಹಾಕಿಸಿಕೊಂಡೆ. ಆ ಸಿಟ್ಟಿಗೆ ಮೊನ್ನೆ ತಾರಸಿ ಹತ್ತಿ, ನನ್ನದೆಂದು ನೀವು ಕತ್ತರಿಸಿದ ವೈರು ಪಕ್ಕದ ಮನೆ ತಾತನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೀರಿ.

ತಾತನಿಗೆ ಕಣ್ಣು ಕಾಣುವುದಿಲ್ಲ. ಕೋಣೆಯಲ್ಲಿ ಟಿವಿ ಇಟ್ಟುಕೊಂಡಿರುವುದು ವಾರ್ತೆ ಕೇಳುವುದಕ್ಕೆ. ಇವತ್ತು ಅಂಗಿ ಅಳತೆ ತೆಗೆಯಲು ಹೋದರೆ ನನ್ನ ಕೈ ಹಿಡಿದು, "ನಾನೇ ಏನೋ ಒತ್ತಿ ಕೆಡಿಸಿಬಿಟ್ಟೆ ಕಣಮ್ಮ, ಸೊಸೆಗೆ ಹೇಳಬೇಡ" ಅಂದರು. ಎರಡು ದಿನದಿಂದ ಸದ್ದಿಲ್ಲದ ಟಿವಿ ಮುಂದೆ ಹೆದರಿಕೊಂಡು ಕೂತಿದ್ದಾರೆ.

ನನ್ನ ಹತ್ತಿರ ಕ್ಷಮೆ ಕೇಳುವುದು ಬೇಡ. ನಾಳೆ ಬೆಳಿಗ್ಗೆ ಬಂದು ವೈರು ಜೋಡಿಸಿ. ಆಮೇಲೆ ತಾತನ ಪಕ್ಕ ಕೂತು, ಸೊಸೆಯ ಎದುರಿಗೇ, ಕೆಡಿಸಿದ್ದು ನಾನು ಅಂತ ನಿಮ್ಮ ಬಾಯಿಂದಲೇ ಹೇಳಿ. ಹೇಳುವ ತನಕ ನಾನು ಬಾಗಿಲಲ್ಲೇ ನಿಂತಿರುತ್ತೇನೆ.

ಇತಿ,
ಮಹಡಿ ಮನೆಯ ಟೈಲರ್