ಎದುರಿನ ಕೋಣೆಯ ಸಭೆ

ಇಶ್ಪೆಮಿಂಗ್, ಮಿಷಿಗನ್
೨೮ ಸೆಪ್ಟೆಂಬರ್ ೧೯೯೭, ಭಾನುವಾರ

ನನ್ನ ಮುದ್ದು ಸೋನ್ಯಾ,

ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯಲ್ಲಿ ರೋಗಿಗಳನ್ನು ಒಬ್ಬಳೇ ಎತ್ತಬೇಡ, ಇನ್ನೊಬ್ಬರನ್ನು ಕರೆ ಅಂದರೆ ನೀನು ಕೇಳುವವಳಲ್ಲ. ಹಟವೆಲ್ಲ ನಿನ್ನಮ್ಮನದೇ. ಎಲ್ಸಿಯ ಮುಂದಿನ ಹಲ್ಲು ಬಿದ್ದ ಫೋಟೋ ಬಂತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಹೋಗುತ್ತಾ ಬರುತ್ತಾ ಮಾತಾಡಿಸುತ್ತೇನೆ. ನನ್ನ ಮೊಣಕಾಲು ಗಣಿಯಲ್ಲೇ ಹೋದದ್ದು, ಅದರ ಸುದ್ದಿ ಬಿಡು.

ಅಕ್ಟೋಬರ್ ಹದಿನೆಂಟಕ್ಕೆ ಇಬ್ಬರೂ ಬರುತ್ತೀರಿ, ನನ್ನ ವರ್ಷದ ಬಿಲ್ಲೆಯನ್ನು ಎಲ್ಸಿಯ ಕೈಯಿಂದಲೇ ಕೊಡಿಸುತ್ತೀಯ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಕುಡಿಯದೆ ಒಂದು ವರ್ಷ ಕಳೆದವನಿಗೆ ಮನೆಯವರು ಎಲ್ಲರೆದುರು ಆ ಹಿತ್ತಾಳೆ ಬಿಲ್ಲೆ ಕೊಡುವುದು ಕುಡಿತ ಬಿಡುವವರ ನಮ್ಮ ಸಭೆಗಳ ಪದ್ಧತಿ. ಅಮ್ಮನ ಮಣ್ಣಾದ ಮೇಲೆ, ಆರು ವರ್ಷದಿಂದ, ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ಎಲ್ಸಿಯನ್ನು ನಾನು ಒಮ್ಮೆಯೂ ಎತ್ತಿಕೊಂಡಿಲ್ಲ. "ಒಂದು ವರ್ಷ ಮುಟ್ಟದೆ ಇದ್ದು ತೋರ್ಸಪ್ಪಾ, ಆಮೇಲೆ ಮೊಮ್ಮಗಳನ್ನ ನೋಡುವಿಯಂತೆ" ಅಂತ ಫೋನಿನಲ್ಲಿ ಹೇಳಿದ್ದೆ. ನೀನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಭೆ ಯಾಕೆ ಬದಲಾಯಿಸಿದೆ ಅಂತ ಕೇಳಿದ್ದೀಯ. ಹಳೆಯದರಲ್ಲಿ ಗಾರ್ಡಿ ಬೋಡ್ರಿ ಇದ್ದಾನಲ್ಲ, ಹದಿನೇಳು ವರ್ಷದಿಂದ ಬಾಟಲಿ ಮುಟ್ಟದವನು, ನನ್ನನ್ನು ಕೈಹಿಡಿದು ನಡೆಸಿದವನು. ಅವನು ಕಣ್ಣಲ್ಲಿ ಕಣ್ಣಿಟ್ಟು "ಹೇಗಿದೀಯೋ ಮುದುಕಾ?" ಅಂತ ಕೇಳುತ್ತಾನೆ. ಬೇಸಿಗೆಯಿಂದೀಚೆಗೆ ಅದು ನನಗೆ ಸರಿಬೀಳಲಿಲ್ಲ ಅಂತ ಇಟ್ಟುಕೋ. ಪಕ್ಕದ ಊರಿನ ಸಭೆಗೆ ಹೋದೆ. ಅಲ್ಲಿ ನನ್ನ ಹಳೆಯ ಫೋರ್‌ಮನ್ ಕೂತಿದ್ದ. ಮೂವತ್ತು ವರ್ಷ ನನ್ನ ಮೇಲೆ ಕೂಗಾಡಿದವನ ಮುಂದೆ ಮನಸ್ಸು ಬಿಚ್ಚಿಡಲು ನನಗೇನು ತಲೆ ಕೆಟ್ಟಿದೆಯೇ? ಇನ್ನೊಂದರಲ್ಲಿ ಎಲ್ಲರೂ ಎಳಸುಗಳು. ಎಲ್ಲದಕ್ಕೂ ಚಪ್ಪಾಳೆ, ನಾನು ಕೆಮ್ಮಿದರೂ ಚಪ್ಪಾಳೆ! ಅಲ್ಲಿಗೂ ಕೈಮುಗಿದು ಬಂದೆ.

ಕೊನೆಗೆ ಕಳೆದ ಮಂಗಳವಾರ ಸಂಜೆ ಲೂಥರನ್ ಚರ್ಚಿನ ನೆಲಮಾಳಿಗೆಗೆ ಹೋದೆ. ಅಲ್ಲಿ ಎದುರುಬದುರು ಎರಡು ಕೋಣೆ, ಎರಡರಲ್ಲೂ ಮಡಚುವ ಕುರ್ಚಿಗಳು, ಎರಡರಲ್ಲೂ ಕಾಫಿಯ ಹಂಡೆ. ಬಾಗಿಲು ತೆರೆದಿದ್ದ ಕೋಣೆಗೆ ನುಗ್ಗಿ ಕೂತೆ. ಹೆಚ್ಚಿನವರು ಹೆಂಗಸರು, ಕಾಲ ಬದಲಾಯಿತು, ಅವರೂ ಧೈರ್ಯವಾಗಿ ಬರುತ್ತಿದ್ದಾರೆ ಅಂದುಕೊಂಡೆ. ಮನೆಯಲ್ಲೇ ಮಾಡಿದ ಏಲಕ್ಕಿ ಬ್ರೆಡ್ ಬೇರೆ ಇಟ್ಟಿದ್ದರು. ಬಂದವರನ್ನು ಯಾರು, ಏನು ಅಂತ ಕೇಳಬಾರದು, ಒಬ್ಬರು ಮಾತಾಡುವಾಗ ಬಾಯಿ ಹಾಕಬಾರದು, ಏಳಬಾರದು ಅನ್ನುವುದು ಈ ಸಭೆಗಳ ಕಟ್ಟಳೆ. ಹಾಗಾಗಿ ಮೊದಲನೆಯವಳು ಬಾಯಿ ಬಿಟ್ಟ ಕೂಡಲೇ ಇದು ಕುಡುಕರ ಸಭೆಯಲ್ಲ, ಕುಡುಕರ ಮನೆಯವರ ಸಭೆ ಅಂತ ನನಗೆ ಹೊಳೆದರೂ ಏಳಲಾರದೆ ಕೂತೆ.

ಅವಳಿಗೆ ಇಪ್ಪತ್ತೆರಡು ಇರಬಹುದು. "ಅಪ್ಪನ ಟ್ರಕ್ ಅಂಗಳಕ್ಕೆ ಬರೋ ಸದ್ದಲ್ಲೇ ಗೊತ್ತಾಗ್ತಿತ್ತು, ಊಟಕ್ಕೆ ಕೂರ್ಬೇಕಾ, ಮಂಚದ ಕೆಳಗೆ ಹೋಗ್ಬೇಕಾ ಅಂತ" ಅಂದಳು. ಸೋನ್ಯಾ, ನೀನೂ ಹಾಗೆ ಕಿವಿಗೊಟ್ಟು ಕೂತಿರುತ್ತಿದ್ದೆಯಾ? ನಾನು ಒಂದು ದಿನವೂ ಕೇಳಲಿಲ್ಲ. ಇನ್ನೊಬ್ಬಾಕೆ, ನನ್ನ ವಯಸ್ಸಿನವಳು, ಹೆಣಿಗೆ ಹಾಕುತ್ತಲೇ ಹೇಳಿದಳು: "ಕುಡಿದಿದ್ದಕ್ಕಲ್ಲ ಕಣ್ರೀ. ಕುಡಿದಿಲ್ಲ ಅಂತ ಮುಖ ನೋಡ್ಕೊಂಡು ಹೇಳ್ತಾನಲ್ಲ, ನಾನು ಪ್ರತಿ ಸಲ ನಂಬ್ತೀನಲ್ಲ, ಅದಕ್ಕೆ ನನ್ನ ಮೇಲೇ ನನಗೆ ಹೇಸಿಗೆ." ನನ್ನ ಕೈಲಿದ್ದ ಕಾಫಿ ತಣ್ಣಗಾಯಿತು.

ಸರದಿ ನನ್ನ ಹತ್ತಿರ ಬಂದಾಗ ಬಾಯಿಗೆ ರೂಢಿಯಾದದ್ದೇ ಬಂತು. "ನಾನು ರೇನೊ, ಕುಡುಕ" ಅಂದೆ. ನಮ್ಮ ಕೋಣೆಯಲ್ಲಾದರೆ ಎಲ್ಲರೂ "ಬಾರಪ್ಪ ರೇನೊ" ಅಂತ ಕೂಗುತ್ತಿದ್ದರು. ಇಲ್ಲಿ ಆ ಹುಡುಗಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಅದನ್ನು ನೋಡಿ ನನಗಾದ ಸಂಕಟ ದೇವರಿಗೇ ಗೊತ್ತು. ಹೆಣಿಗೆಯಾಕೆಯೇ ಕೊನೆಗೆ, "ನಿಮ್ದು ಎದುರುಗಡೆ ಕೋಣೆ, ಯಜಮಾನ್ರೇ. ಆದ್ರೂ ಬಂದಿದೀರಲ್ಲ, ಬ್ರೆಡ್ ತಿಂದ್ಕೊಂಡು ಹೋಗಿ" ಅಂದಳು. ತಿಂದೆ. ಆಮೇಲೆ ಎದುರಿನ ಕೋಣೆಗೆ ಹೋದೆ. ಅಲ್ಲಿ ಎಂಟು ಜನ ಗಂಡಸರು, ಒಬ್ಬಳು ಬಸ್ ಓಡಿಸುವವಳು. ಇನ್ನು ಅದೇ ನನ್ನ ಸಭೆ.

ಎಲ್ಸಿಗೆ ನನ್ನ ಮುತ್ತು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ಅಪ್ಪ,
ರೇನೊ ಕಂಗಾಸ್

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲದ್ದು. ಬೆಳಗಾದರೆ ಅಂಚೆಯವನು ಬರುತ್ತಾನೆ. ಟಿಕೆಟ್ ರದ್ದು ಮಾಡು. ಜುಲೈನಲ್ಲಿ ಅಮ್ಮನ ತಿಥಿಯ ದಿನ ಕುಡಿದೆ. ಆಮೇಲೆ ಮತ್ತೆ ಮತ್ತೆ ಕುಡಿದೆ, ಕೊನೆಯದು ಕಳೆದ ಸೋಮವಾರ. ನಿನಗೂ ಗಾರ್ಡಿಗೂ ಸುಳ್ಳು ಹೇಳುತ್ತಾ ಬಂದೆ. ಎದುರಿನ ಕೋಣೆಯಲ್ಲಿ ಎದ್ದು ನಿಂತು ಮೊದಲ ದಿನದವರಿಗೆ ಕೊಡುವ ಬಿಳಿ ಬಿಲ್ಲೆ ತೆಗೆದುಕೊಂಡೆ. ಇವತ್ತಿಗೆ ಆರು ದಿನ. ನಂಬು ಅಂತ ಕೇಳಲು ನನಗೆ ಬಾಯಿಲ್ಲ. ಯಾಕೆ ಹೋಗುತ್ತಿಲ್ಲ ಅಂತ ಎಲ್ಸಿ ಕೇಳುತ್ತಾಳೆ, ಅವಳಿಗೆ ಇದ್ದದ್ದನ್ನೇ ಹೇಳು. ಅಜ್ಜನಿಗೆ ಜ್ವರ ಅಂತ ಮಾತ್ರ ಹೇಳಬೇಡ, ಮಗಳೇ. ನಿನ್ನಮ್ಮ ನಿನಗೆ ಹಾಗೆ ಹೇಳಿ ಹೇಳಿಯೇ ಹೋದಳು.