ಅಳ್ಳವ್ವ, ಎಳ್ಳವ್ವರ ಉಪವಾಸ

೧೨ ಆಗಸ್ಟ್, ಮಂಗಳವಾರ ರಾತ್ರಿ

ಎಳ್ಳವ್ವ ಇನ್ನೂ ಹುಲ್ಲಿಗೆ ಬಾಯಿ ಹಾಕಿಲ್ಲ. ಮೊಮ್ಮಗಳು ಶೀತಲ್ ಸಾಕಿದ ಎರಡೂ ಹೆಣ್ಣು ಮೊಲಗಳ ಗರ್ಭಚೀಲ ಇವತ್ತು ಗದಗಿನಲ್ಲಿ ತೆಗೆಸಿಕೊಂಡು ಬಂದೆವು. ಬಿಳಿಯವಳು ಅಳ್ಳವ್ವ, ಕರಿಯವಳು ಎಳ್ಳವ್ವ.

ಬೆಳಿಗ್ಗೆ ಓಣಿಯ ಪದ್ಮಾಬಾಯಿ, "ಗಂಡು ಮೊಲಾನ ಇಲ್ಲ, ಇವಕ್ಕ್ಯಾಕವಾ ಆಪರೇಶನ್?" ಎಂದು ನಕ್ಕಳು.

"ನನ್ನ ಗರ್ಭದಾಗ ಗಂಟಾತಲ್ಲ, ಅದು ನಿನ್ನ ಗಂಡನ್ನ ಕೇಳಿ ಆತೇನ?" ಎಂದೆ. ಮೊಲಗಳಿಗೂ ವಯಸ್ಸಾದಂತೆ ಅದೇ ಗಂಟು ಬರುತ್ತದಂತೆ.

ಆದರೆ ಶಾಣ್ಯಾತನ, ಅತಿಜಾಣತನ ಮಾಡಿದವಳು ನಾನೇ. ನನ್ನ ಆಪರೇಶನ್ನಿಗೆ ಉಪವಾಸ ಇಟ್ಟಿದ್ದರಲ್ಲ ಅಂತ, ನಿನ್ನೆ ಯಾರಿಗೂ ಹೇಳದೆ ಇವುಗಳ ಹುಲ್ಲು ಎತ್ತಿಟ್ಟೆ. ಇವತ್ತು ಅಲ್ಲಿ ಬಾಯಿಬಿಟ್ಟಾಗ ಡಾಕ್ಟರಮ್ಮ ಸಿಟ್ಟಾದಳು: "ಅಜ್ಜಿ, ಮೊಲಕ್ಕ ಉಪವಾಸ ನಡಿಯಂಗಿಲ್ರಿ. ಕರುಳು ನಿಂತ್ರ ಜೀವಾನ ಹೋಗ್ತೈತಿ." ಮೊದಲು ಹೊಟ್ಟೆತುಂಬ ತಿನ್ನಿಸಿ, ಮಧ್ಯಾಹ್ನ ಕೊಯ್ದಳು. ಅಗಲಿಸಿದರೆ ವಾಸನೆ ಮರೆತು ಕಚ್ಚಾಡುತ್ತವೆ ಅಂತ ಒಂದೇ ಬುಟ್ಟಿಯಲ್ಲಿ ಕಳಿಸಿದಳು. "ರಾತ್ರಿ ತಿಂದು ಹಿಕ್ಕಿ ಹಾಕಿದ್ರ ಗೆದ್ದಂಗ್ರಿ" ಎಂದಳು.

ಅಳ್ಳವ್ವ ಸಂಜೆಯೇ ಎರಡೂ ಮುಗಿಸಿದಳು. ಎಳ್ಳವ್ವ ಮುದುಡಿ ಕೂತಳು. ಶೀತಲ್ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಅಳ್ಳವ್ವ ಕೊತ್ತಂಬರಿ ಕಡ್ಡಿ ಕಚ್ಚಿಕೊಂಡು ಹೋಗಿ ಎಳ್ಳವ್ವನ ಮೂಗಿನ ಮುಂದೆಯೇ ಕರುಕರು ತಿನ್ನತೊಡಗಿದಳು. ಎಳ್ಳವ್ವ ಮೂಸಿದಳು. ಅದೇ ಕಡ್ಡಿಯ ಇನ್ನೊಂದು ತುದಿ ಹಿಡಿದಳು!

"ಅಜ್ಜಿ, ತಿಂದ್ಳು ನೋಡ!" ಅಂತ ಶೀತಲ್ ನನ್ನ ಕೈ ಹಿಡಿದುಕೊಂಡಳು.

ದಿನಾ ಹಿಕ್ಕೆ ಗುಡಿಸುತ್ತ ಬಯ್ಯುತ್ತಿದ್ದವಳು ಈಗ ಕನ್ನಡಕ ಹಾಕಿಕೊಂಡು ಅದನ್ನೇ ಕಾಯುತ್ತಿದ್ದೇನೆ. ಒಂದು ಬಿತ್ತು. ದುಂಡಗೆ, ಕರಿಮೆಣಸಿನಂತೆ. ಅಗೋ, ಇನ್ನೊಂದು!