ಕಾಲೆತ್ತಿ ಹಿಡಿದಿದ್ದರೆ

ಹಲಸೂರು,
೧೦-೨-೧೯೪೬, ಭಾನುವಾರ

ತಂಗಿ ಆಂಜನಮ್ಮನಿಗೆ ಅಕ್ಕನ ಪ್ರೀತಿಯ ಆಶೀರ್ವಾದ.

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಏಳು ತಿಂಗಳ ಬಸುರಿ ನೀನು; ಮೊಣಕಾಲಿನ ಹಿಂದೆ ನೀಲಿ ನರ ಉಬ್ಬಿದೆ, ಸಂಜೆಯಾದರೆ ಕಾಲು ಭಾರವಾಗುತ್ತದೆ, ಅಮ್ಮನಿಗೂ ಹೀಗೇ ಇತ್ತಲ್ಲವೇ ಅಕ್ಕ ಎಂದು ಕೇಳಿದ್ದೀಯೆ. ಇಷ್ಟಕ್ಕೆ ಉತ್ತರ ಬರೆಯಲು ನನ್ನಿಂದ ಆಗಲಿಲ್ಲ. ಇದನ್ನು ಬರೆದರೆ ಉಳಿದದ್ದನ್ನೂ ಬರೆಯಬೇಕಾಗುತ್ತದೆ.

ಅಮ್ಮ ಎದೆ ನಿಂತು ಹೋದಳೆಂದು ನಿನಗೆ ಹೇಳಿದ್ದೆ. ಅದು ಸುಳ್ಳು.

ಯುದ್ಧದ ಆರು ವರ್ಷವೂ ಅಮ್ಮ ಕಂಟೋನ್ಮೆಂಟಿನ ಲಾಂಡ್ರಿಯಲ್ಲಿ ನಿಂತೇ ಸಿಪಾಯಿಗಳ ಬಟ್ಟೆಗೆ ಇಸ್ತ್ರಿ ಹಾಕಿದಳು. ನೀನು ಮದುವೆಯಾಗಿ ಕೃಷ್ಣರಾಜಪುರಕ್ಕೆ ಹೋದ ಮೇಲೆ ಅವಳ ಕಾಲು ಇನ್ನೂ ಕೆಟ್ಟಿತು. ನರಗಳು ಹಗ್ಗದ ಹಾಗೆ ಸುರುಳಿ ಸುತ್ತಿಕೊಂಡವು. ಹಿಮ್ಮಡಿಯ ಮೇಲೆ, ಕಾಲ ಹರಡಿನ ಹತ್ತಿರ ಚರ್ಮ ಕಪ್ಪಾಗಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ನಿಂತೂ ನಿಂತೂ ಹೀಗಾಗಿದೆ, ಕೂತರೆ ಹೋಗುತ್ತದೆ ಎನ್ನುತ್ತಿದ್ದಳು. ಕೂರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ನಾನೂ ಒತ್ತಾಯ ಮಾಡಲಿಲ್ಲ.

ನರಕಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹುಯ್ದುಕೊಳ್ಳುತ್ತಿದ್ದಳು. ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜುವಾಗ ಹರಡಿನ ನರ ತರಚಿತು. ಗೋವಿಂದಾ, ಇಲ್ಲಿ ನೋಡೇ ಎಂದು ನನ್ನನ್ನು ಕರೆದಳು. ನೋವೇ ಇರಲಿಲ್ಲವಂತೆ. ಹೋಗಿ ನೋಡಿದರೆ ರಕ್ತ ಗೋಡೆಯವರೆಗೂ ಚಿಮ್ಮುತ್ತಿತ್ತು.

 ಅವಳನ್ನು ಜಗಲಿಯ ಮೇಲೆ ಕೂರಿಸಿ, ಕಾಲು ಇಳಿಬಿಟ್ಟು ತಣ್ಣೀರಿನ ಬಕೆಟ್ಟಿನಲ್ಲಿ ಇಡಿಸಿದೆ. ಹಳೇ ಸೀರೆ ಹರಿದು ಮೊಣಕಾಲಿನ ಕೆಳಗೆ ಕಟ್ಟಿದೆ. ನೀರು ಕೆಂಪಾಯಿತು. ಬೀದಿಯ ಸೂಲಗಿತ್ತಿ ಪಿಳ್ಳಮ್ಮ ಓಡಿ ಬಂದಳು. ನಮ್ಮಿಬ್ಬರನ್ನೂ ಈ ಲೋಕಕ್ಕೆ ತಂದವಳು ಅವಳೇ. "ಬಿಚ್ಚೇ ಅದನ್ನ, ಮೊದ್ಲು ಮಲಗ್ಸು" ಎಂದಳು. ಮಲಗಿಸಿದರೆ ಮತ್ತೆ ಏಳುವುದಿಲ್ಲ ಎಂಬ ಹೆದರಿಕೆ ನನಗೆ. ಇದು ಹೆರಿಗೆಯಲ್ಲ, ನೀನು ಸುಮ್ಮನಿರು ಎಂದು ಗದರಿಸಿದೆ. ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದೆ.

ಖಾದರ್ ಸಾಹೇಬರ ಜಟಕಾ ಬರುವ ಹೊತ್ತಿಗೆ ಅಮ್ಮನ ತುಟಿ ಬಿಳಿಚಿಕೊಂಡಿತ್ತು. ಜಟಕಾದಲ್ಲೂ ಕೂರಿಸಿಕೊಂಡೇ ಹೋದೆ. ಹಬ್ಬದ ಅಡಿಗೆ ಒಲೆ ಮೇಲಿದೆ, ಸೀದುಹೋಗುತ್ತೆ ಎಂದಳು. ಅದೇ ಕೊನೆಯ ಮಾತು. ಕೆರೆಯ ಏರಿ ದಾಟುವಾಗ ಅವಳ ತಲೆ ನನ್ನ ಭುಜಕ್ಕೆ ವಾಲಿತು. ನಿದ್ದೆ ಎಂದುಕೊಂಡೆ.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಕೇಳಿದ್ದು, ಈ ಬಟ್ಟೆ ಯಾರು ಕಟ್ಟಿದ್ದು ಎಂದು. ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಎಂಟು ದಿನ ಕಳೆದು ಒಬ್ಬಳೇ ಮತ್ತೆ ಹೋಗಿ, ಏನು ಮಾಡಬೇಕಿತ್ತು ಎಂದು ಆಕೆಯನ್ನೇ ಕೇಳಿದೆ.

"ಮಲಗಿಸಿ, ಕಾಲು ಮೇಲೆತ್ತಿ, ಆ ಜಾಗಾನ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ರೆ ಸಾಕಿತ್ತಮ್ಮಾ" ಎಂದರು.

ಕಾಲಿನ ರಕ್ತ ಮೇಲೆ ಹತ್ತಬೇಕಂತೆ. ಕೆಳಗೆ ಜಾರದಂತೆ ನರದೊಳಗೆ ಸಣ್ಣ ಸಣ್ಣ ಕದಗಳಿರುತ್ತವಂತೆ. ಅವು ಸಡಿಲವಾದರೆ ರಕ್ತ ಕೆಳಗೇ ನಿಂತು ನರ ಉಬ್ಬುತ್ತದೆ. ನಾನು ಕಾಲು ಇಳಿಬಿಟ್ಟು, ಮೇಲೆ ಕಟ್ಟಿ, ರಕ್ತ ಹಿಂದಿರುಗುವ ದಾರಿಯನ್ನೇ ಮುಚ್ಚಿದೆ. ಹೆಬ್ಬೆರಳು, ಆಂಜಿ. ಬೇರೇನೂ ಬೇಕಿರಲಿಲ್ಲ. ಅನ್ನ ಕಲಸುವಾಗಲೆಲ್ಲ ಈ ಬೆರಳು ಕಣ್ಣಿಗೆ ಬೀಳುತ್ತದೆ.

ನಿನಗೆ ಹೆದರಿಕೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಬಸುರಿನಲ್ಲಿ ಹೀಗೆ ನರ ಕಾಣಿಸುವುದುಂಟು, ಹೆತ್ತ ಮೇಲೆ ಎಷ್ಟೋ ಜನಕ್ಕೆ ಇಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆದರೆ ಒಂದೇ ಕಡೆ ಬಹಳ ಹೊತ್ತು ನಿಲ್ಲಬೇಡ, ಕೂರಲೂ ಬೇಡ. ರಾಗಿ ಬೀಸುವುದನ್ನು ಅತ್ತೆಗೆ ಹೇಳಿ ನಿಲ್ಲಿಸು. ಓಡಾಡು. ಮಧ್ಯಾಹ್ನ ಕಾಲ ಕೆಳಗೆ ದಿಂಬಿಟ್ಟು ಮಲಗು. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಬೆರಳ ಬುಡದಿಂದ ಮೊಣಕಾಲಿನವರೆಗೆ ಬಟ್ಟೆಪಟ್ಟಿ ಸುತ್ತಿಕೋ. ಕೆಳಗೆ ಬಿಗಿ, ಮೇಲೆ ಹೋಗುತ್ತಾ ಸಡಿಲ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋಯುತ್ತಿದ್ದರೆ ತಿಕ್ಕಬೇಡ, ಆ ದಿನವೇ ಆಸ್ಪತ್ರೆಗೆ ಹೋಗು. ರಕ್ತ ಬಂದರೆ ಏನು ಮಾಡಬೇಕೆಂದು ನಿನ್ನವರಿಗೆ ಈ ಕಾಗದ ಓದಿ ಹೇಳು. ನಾನು ಮಾಡಿದ್ದನ್ನೂ ಓದು, ಬಿಡಬೇಡ.

ಹೆರಿಗೆಗೆ ಇಲ್ಲಿಗೆ ಬರುತ್ತೇನೆ ಎಂದು ಬರೆದಿದ್ದೀಯೆ. ಬರಬೇಡ. ಈ ಮನೆಯಲ್ಲಿ ನಿನ್ನನ್ನು ನೋಡಿಕೊಳ್ಳುವ ಧೈರ್ಯ ನನಗಿಲ್ಲ. ನನ್ನನ್ನು ಕ್ಷಮಿಸು ಎಂದೂ ಕೇಳುವುದಿಲ್ಲ.

ನಿನ್ನ ಅಕ್ಕ,
ಗೋವಿಂದಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಬಟ್ಟೆ ಕಟ್ಟಿದ್ದು ಯಾರೆಂದು ಬೀದಿಯವರು ಕೇಳಿದಾಗ ಪಿಳ್ಳಮ್ಮ ಎಂದುಬಿಟ್ಟೆ. ಆಮೇಲೆ ಯಾರೂ ಅವಳನ್ನು ಹೆರಿಗೆಗೆ ಕರೆಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಗಂಟು ಕಟ್ಟಿಕೊಂಡು ಮನೆ ಬಿಟ್ಟು ಹೋದಳು. ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತಿದ್ದಳು. ನಾನು ಒಳಗೇ ಇದ್ದೆ.